ಉಪ್ಪುಕಾಗದ

ಶಿಡ್ಲಘಟ್ಟದ ರೇಷನ್ ಅಂಗಡಿಯ ಮಿಷನ್ನು
ನನ್ನ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ.
ಒರೆಸಿ ಇಡಮ್ಮ, ಅಂತಾನೆ ಹುಡುಗ.
ಸೆರಗಿಗೆ ಒರೆಸಿ ಇಡುತ್ತೇನೆ.
ಆ ಕೈ ಇಡಮ್ಮ.
ಇಡುತ್ತೇನೆ.
ಕೆಂಪು ದೀಪ.
ಈಕೆ ಯಾರೋ ತಿಳಿಯದು, ಅನ್ನುತ್ತದೆ ಅದು.

ಮೂವತ್ತೊಂದು ವರ್ಷ ಕುದಿಯುವ ನೀರಲ್ಲಿ
ಗೂಡಿನ ಎಳೆ ತಡಕಿದ ಬೆರಳು ಸ್ವಾಮಿ,
ಗೆರೆಯೆಲ್ಲ ನೂಲಿನ ಜೊತೆಗೇ ರಾಟೆಗೆ ಸುತ್ತಿಕೊಂಡು ಹೋಯಿತು.
ಯಾರ ಧಾರೆ ಸೀರೆಯಲ್ಲಿವೆಯೋ ಈಗ
ನನ್ನ ಗುರುತುಗಳು.

ಅದಕ್ಕೇ ಇರಬೇಕು,
ಎಲ್ಲಾದರೂ ಒಂದು ಕಡೆ
ನನ್ನ ಹೆಸರಿರಲಿ ಅನ್ನಿಸಿದ್ದು.

ನಮ್ಮ ಸಭೆಗೆ ಗ್ರೇಸ್‌ಮಣಿಯವರು ಫ್ಯಾನು ಕೊಟ್ಟಿದ್ದಾರೆ.
ರೆಕ್ಕೆಯ ಮೇಲೆ ಹೆಸರು, ತಾರೀಖು.
ಕರೆಂಟು ಹೋದಾಗ ಮಾತ್ರ ಓದಬಹುದು.
ಪಾಪ, ಕರೆಂಟು ಹೋಗಲಿ ಅಂತ ಕಾಯುತ್ತಾರೆ ಅವರು,
ಎಂದು ನಾನು ಬಾಯಿಗೆ ಸೆರಗಿಟ್ಟು ನಗುತ್ತಿದ್ದೆ.
ನಗುತ್ತಲೇ ಚೀಟಿ ಕಟ್ಟಿದೆ, ಹದಿನಾಲ್ಕು ತಿಂಗಳು.
ಹೊನ್ನೆಮರದ ಬೆಂಚು ಮಾಡಿಸಿದೆ.
ಒರಗುವ ಹಲಗೆಗೆ ಉಳಿ ಹಿಡಿದು ಕೆಂಪಾಚಾರಿ ಕೇಳಿದ,
ತಬಿತಮ್ಮ ಅಂತಷ್ಟೇ ಸಾಕಾ? ಇನ್ನೂ ಜಾಗ ಐತೆ.
ದಪ್ಪಗೆ ಕೊರಿ, ಅಂದೆ.
ಆಳವಾಗಿ.

ಆಮೇಲೆ ಒಂದು ಭಾನುವಾರ ತಡವಾಗಿ ಹೋದೆ.
ಬೆಂಚಿನ ತುಂಬ ಇಟ್ಟಿಗೆ ಭಟ್ಟಿಯ ಜನ,
ಎಲ್ಲಿಂದಲೋ ಬಂದವರು, ಪಾದಕ್ಕೆ ಅಂಟಿದ ಕೆಮ್ಮಣ್ಣು.
ಒಂದು ಮಗು ನಿಂತುಕೊಂಡು ನನ್ನ ಹೆಸರನ್ನು ನೆಕ್ಕುತ್ತಿತ್ತು.
ಸರಿದು ಕೂತು ಜಾಗ ಮಾಡಿದಳು ಅದರ ತಾಯಿ.
ನಾನು ಕೂರಲಿಲ್ಲ.
ಕಂಬಕ್ಕೆ ಒರಗಿ ನಿಂತೇ ಇದ್ದೆ ಆರಾಧನೆ ಪೂರ್ತಿ,
ಒಳಗೆ ನೀರು ಕೊತಕೊತ,
ಸತ್ತ ಹುಳದ ವಾಸನೆ.

ಹುಳು ತನ್ನ ಸುತ್ತ ತಾನೇ ನೂತುಕೊಂಡದ್ದನ್ನು
ಬಿಚ್ಚುವುದೇ ನನ್ನ ಕಸುಬು.
ನನ್ನದನ್ನು ಬಿಚ್ಚೋಣವೆಂದರೆ
ಎಳೆಯ ತುದಿಯೇ ಸಿಗದು.

ಅವತ್ತು ಕರ್ತನ ಭೋಜನ.
ಮೊಣಕಾಲೂರಿ ಕೈ ಚಾಚಿದೆ.
ಒರೆಸಿ ಇಡಮ್ಮ, ಅನ್ನಲಿಲ್ಲ ಯಾರೂ.
ಆ ಕೈ ತೋರಿಸು, ಅನ್ನಲಿಲ್ಲ.
ಗೆರೆಯಿಲ್ಲದ ಬೆರಳಿಗೆ ರೊಟ್ಟಿಯ ಚೂರು ಬಂತು,
ಪಕ್ಕದಲ್ಲಿ ಕೆಮ್ಮಣ್ಣಿನ ಉಗುರಿಗೂ ಬಂತು,
ಅದೇ ತಟ್ಟೆಯಿಂದ, ಅಷ್ಟೇ ಚೂರು.
ತನಗೆಂದು ಏನನ್ನೂ ಇಟ್ಟುಕೊಳ್ಳದೆ ಮುರಿದುಕೊಂಡವನ ಎದುರು
ನಾನು ಒಂದು ಹಲಗೆಯನ್ನು ಹಿಡಿದು ಕೂತಿದ್ದೆ.

ಆಚಾರಿಯ ಹತ್ತಿರ ಉಪ್ಪುಕಾಗದ ತಂದೆ.
ಹುಚ್ಚಾ ನಿಮಗೆ, ಎರಡು ದಿನದ ಕೆಲಸ ಅದು, ಅಂದ.
ಹೌದು ಕಣಪ್ಪ, ಅಂದೆ.
ಮೂರು ಸಂಜೆ ಉಜ್ಜಿದೆ. ಹೊನ್ನೆಯ ಹುಡಿ
ಮೂಗಿಗೆ, ರೆಪ್ಪೆಗೆ, ಉಸಿರಿಗೆ.

ನಿನ್ನ ಹತ್ತಿರ ಮುಚ್ಚಿಡುವುದೇನು,
ಮೊದಲ ಸಂಜೆ ಗುಡಿಯ ಬಾಗಿಲನ್ನು ಓರೆ ಮಾಡಿಟ್ಟಿದ್ದೆ,
ಅಯ್ಯನವರು ಕಂಡರೆ ಕಾಣಲಿ ಅಂತ.
ಹೆಸರು ಅಳಿಸಿದ ತಬಿತಮ್ಮ
ಅಂತ ಇನ್ನೊಂದು ಹೆಸರು ಬರಲಿ ಅಂತ.
ಅದನ್ನು ಯಾವ ಕಾಗದದಲ್ಲಿ ಉಜ್ಜಲಿ ಹೇಳು?
ಎದ್ದು ಹೋಗಿ ಬಾಗಿಲು ಹಾಕಿದೆ.
ಕಷ್ಟವಾಯಿತು. ಮೂವತ್ತೊಂದು ವರ್ಷದ ಬಿಸಿನೀರಿಗಿಂತ
ಆ ಚಿಲಕ ಕಷ್ಟ.

ಈಗ ಮಗು ಬಂದರೆ ಬೆಂಚಿನ ಮೇಲೆ ನಿಲ್ಲುತ್ತದೆ,
ನನ್ನ ಭುಜ ಹಿಡಿದು.
ಅದರ ತಾಯಿಯ ಹೆಸರು ಕೇಳಿದೆ, ಬುಧನಿ ಅಂತೆ.
ನನ್ನದು ಕೇಳಲಿಲ್ಲ ಅವಳು.
ಸ್ವಲ್ಪ ಚುರ್ ಅಂದಿತು, ಸುಳ್ಳು ಹೇಳುವುದಿಲ್ಲ.

ಪೂರ್ತಿ ಹೋಗಿಲ್ಲ ಸ್ವಾಮಿ.
ಪಡುವಣ ಕಿಟಕಿಯ ಬಿಸಿಲು ಓರೆಯಾಗಿ ಬಿದ್ದಾಗ
ಮೊದಲಿನ 'ತ' ಇನ್ನೂ ಕಾಣುತ್ತದೆ,
ಆಳವಾಗಿ ಕೊರಿ ಅಂದವಳು ನಾನೇ ತಾನೆ.
ಕಾಗದ ಅರ್ಧ ಉಳಿದಿದೆ.
ನಾಳೆ ಮತ್ತೆ ಬರುತ್ತೇನೆ.